ತುಪ್ಪಟಕ್ಕೆ ಬೆಲೆ ಹೋದ ಮೇಲೆ ಕುರಿಗೆ ನಮ್ಮ ಋಣವೇನು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯು ಕಡಿಮೆ, ಕಲ್ಲುಗುಡ್ಡಗಳು ಹೆಚ್ಚು. ಜಯಮಂಗಲಿ ನದಿಯು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದುಹೋದರೂ ಬೇಸಿಗೆಯಲ್ಲಿ ಅದರೊಳಗೆ ಮರಳೇ ಹೊರತು ನೀರು ಕಾಣುವದು ಅಪರೂಪ. ಇಂಥ ಸೀಮೆಯಲ್ಲಿ ಹೊಲವು ಬಡವನ ಕೈಬಿಟ್ಟಾಗ ಕುರಿಯು ಅವನ ಕೈಹಿಡಿಯುತ್ತದೆ. ಕುರಿಯಿಂದ ನಮಗೆ ಏನು ದೊರೆಯುತ್ತದೆಂಬದನ್ನು ಎಲ್ಲರೂ ಬಲ್ಲರು. ಕುರಿಗೆ ನಾವು ಏನನ್ನು ಕೊಡತಕ್ಕವರಾಗಿದ್ದೇವೆ ಎಂದು ಯೋಚಿಸುವವರು ಕೆಲವರೇ. ಆ ಯೋಚನೆಯನ್ನು ಇಲ್ಲಿ ಸ್ವಲ್ಪ ಮಾಡೋಣ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವು ಸುಲಭವಾಗಿತ್ತು. ಈ ಕಡೆಯ ಕರಿಯ ದಖನಿ ಕುರಿಯ ತುಪ್ಪಟವನ್ನು ವರುಷಕ್ಕೆ ಎರಡು ಸಾರಿ ಕತ್ತರಿಸುತ್ತಿದ್ದರು. ಹೆಂಗಸರು ಅದನ್ನು ನೂಲುವರು. ಗಂಡಸರು ಹಾಸಿನ ನೂಲಿಗೆ ಹುಣಿಸೇಬೀಜದ ಗಂಜಿಯನ್ನು ಸವರಿ, ಕುಣಿಮಗ್ಗದಲ್ಲಿ ಕೂತು ಕಂಬಳಿಯನ್ನು ನೇಯುವರು. ಆ ಕಂಬಳಿಯು ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಮನೆಗೆ ಬಂದವರಿಗೆ ಆಸನ. ರಾತ್ರಿಯಲ್ಲಿ ಮಂದೆಯನ್ನು ಹೊಲದೊಳಗೆ ತಂಗಿಸಿದರೆ ಗೊಬ್ಬರವಾಯಿತು. ಹೊಲದ ಯಜಮಾನನು ಅದಕ್ಕಾಗಿ ದವಸವನ್ನೋ ಹಣವನ್ನೋ ಕೊಡುವನು. ಇವೆಲ್ಲವೂ ಕುರಿಯು ಬದುಕಿದ್ದರೆ ಮಾತ್ರ ಸಿಕ್ಕತಕ್ಕವುಗಳು. ಆದ ಕಾರಣ ಕುರಿಯ ಆಯುಸ್ಸೂ ಕುರಿಗಾರನ ಲಾಭವೂ ಒಂದೇ ಕಡೆಯಲ್ಲಿ ನಿಂತಿದ್ದವು.

ಬೇರೆ ದೇಶಗಳಲ್ಲಿಯೂ ಹೀಗೆಯೇ ಉಂಟು. ದಕ್ಷಿಣ ಅಮೇರಿಕದ ಪೆರು ಮೊದಲಾದ ದೇಶಗಳ ಎತ್ತರವಾದ ಪರ್ವತಗಳಲ್ಲಿ ಅಲ್ಪಾಕ ಎಂಬ ಪ್ರಾಣಿಯನ್ನು ಸಾಕುತ್ತಾರೆ. ಅದು ಒಂಟೆಯ ಬಳಗಕ್ಕೆ ಸೇರಿದ್ದು. ನೋಡುವದಕ್ಕೆ ಉದ್ದ ಕತ್ತಿನ ಕುರಿಯಂತೆ ಇರುತ್ತದೆ. ಅದರ ತುಪ್ಪಟವು ಬಹು ಮೃದುವಾದದ್ದರಿಂದ ಇಂಗ್ಲೆಂಡ್, ಆಸ್ಟ್ರೇಲಿಯಾ ದೇಶಗಳಲ್ಲಿ ಸ್ವಲ್ಪ ಭೂಮಿಯುಳ್ಳವರೂ ಅದನ್ನು ಸಾಕಿ, ಸಾಮಾನ್ಯವಾಗಿ ವರುಷಕ್ಕೊಮ್ಮೆ ಕತ್ತರಿಸುತ್ತಾರೆ. ಅದು 15 ರಿಂದ 20 ವರುಷಗಳ ವರೆಗೆ ಬಾಳುತ್ತದೆ. ಇದರಿಂದ ಅಲ್ಲಿಯ ಜನರು ನಮಗಿಂತ ದಯಾಳುಗಳೆಂದು ಹೇಳಕೂಡದು. ಅಲ್ಲಿ ತುಪ್ಪಟಕ್ಕೆ ಬೆಲೆಯುಂಟು, ಅಷ್ಟೇ.

ನಮ್ಮಲ್ಲಿಯಾದರೋ ಆ ಬೆಲೆಯು ಹೋಯಿತು. ಕಾರ್ಖಾನೆಯ ಅಗ್ಗವಾದ ಹೊದಿಕೆಗಳೂ ಪ್ಲಾಸ್ಟಿಕ್ಕಿನ ಹಾಳೆಗಳೂ ಸಂತೆಗೆ ಬಂದ ಮೇಲೆ ಒರಟಾದ ಕಂಬಳಿಯನ್ನು ಕೇಳುವವರು ಕಡಿಮೆಯಾದರು. ಕತ್ತರಿಸುವವನ ಕೂಲಿಯು ತುಪ್ಪಟದ ಬೆಲೆಯನ್ನು ಮೀರಿತು. ಕತ್ತರಿಸಿದ್ದನ್ನು ಬೇಲಿಯ ಬದಿಯಲ್ಲಿ ಎಸೆಯುವದೂ ಉಂಟು. ಉಣ್ಣೆಯಿಲ್ಲದೆ ಮಾಂಸಕ್ಕಾಗಿಯೇ ಬೆಳೆಯುವ ನೆಲ್ಲೂರು ಮೊದಲಾದ ಜಾತಿಯ ಕುರಿಗಳನ್ನು ಅನೇಕರು ತಂದುಕೊಂಡರು. ಟಗರುಮರಿಯು ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಸಂತೆಗೆ ಹೋಗುತ್ತದೆ. ಹೀಗೆ ಕುರಿಯ ಬದುಕಿನಲ್ಲಿದ್ದ ಬೆಲೆಯು ಅದರ ಮರಣಕ್ಕೆ ವರ್ಗವಾಯಿತು.

ಇಲ್ಲಿ ಕುರಿಗಾರನೊಬ್ಬನು ನಮ್ಮನ್ನು ತಡೆದು, "ಅಯ್ಯಾ, ನೀವು ಬುದ್ಧಿ ಹೇಳುವದು ಸುಲಭ. ಮಗನ ಓದಿಗೂ ಮಗಳ ಮದುವೆಗೂ ಮರಿ ಮಾರದೆ ದುಡ್ಡನ್ನು ಎಲ್ಲಿಂದ ತರಲಿ? ಹಬ್ಬದ ದಿನ ನೀವೂ ಮಾಂಸ ಉಣ್ಣುವವರಲ್ಲವೇ?" ಎಂದು ಕೇಳಿದರೆ ಅವನ ಮಾತು ನ್ಯಾಯವೇ. ಮಾರುವವನು ಕ್ರೂರನು, ಕೊಂಡು ಉಣ್ಣುವವನು ನಿರ್ದೋಷಿ ಎಂದು ಹೇಳುವದಕ್ಕಾಗದು. ಮಾರಬಾರದೆಂದು ನಾವು ಹೇಳುವದಿಲ್ಲ. ನಮ್ಮ ಪ್ರಶ್ನೆಯು ಬೇರೆ. ಮಾರುವ ದಿನದ ವರೆಗೆ ಆ ಮೂಕಪ್ರಾಣಿಯು ನಮ್ಮ ಕೈಯಲ್ಲಿ ಹೇಗೆ ಬಾಳಿತು? ಅದರ ವಿಷಯದಲ್ಲಿ ನಮಗಿರುವ ಎಚ್ಚರಿಕೆಯು ಅದರಿಂದ ಬರುವ ಹಣದಷ್ಟೇ ಇದ್ದರೆ ಸಾಕೋ?

ಬೆಲೆಯಿಲ್ಲದ ಆ ತುಪ್ಪಟವೇ ಇದಕ್ಕೆ ಉತ್ತರ ಕೊಡುತ್ತದೆ. ಲಾಭವಿಲ್ಲವೆಂದು ಉಣ್ಣೆಯ ಕುರಿಯನ್ನು ಕತ್ತರಿಸದೆ ಬಿಟ್ಟರೆ ತುಪ್ಪಟವು ಜಡೆಗಟ್ಟುತ್ತದೆ. ಉಣ್ಣಿಗಳು ಒಳಗೆ ಮರೆಯಾಗಿ ರಕ್ತ ಹೀರುತ್ತವೆ. ಬಿಸಿಲಲ್ಲಿ ಕುರಿಯು ಬಾಯಿಬಿಟ್ಟು ಏದುತ್ತದೆ. ಆದುದರಿಂದ ಕತ್ತರಿಸಲೇಬೇಕು. ಹಿಂದಿನವನು ತನಗಾಗಿ ಕತ್ತರಿಸಿದನೋ ಕುರಿಗಾಗಿ ಕತ್ತರಿಸಿದನೋ ಎಂಬದು ಅವನಿಗೇ ತಿಳಿದಿರಲಾರದು. ಯಾಕಂದರೆ ಆಗ ಎರಡೂ ಒಂದೇ ಕೆಲಸವಾಗಿತ್ತು. ಈಗ ತನ್ನ ಕೈಯಿಂದ ಕೂಲಿ ಕೊಟ್ಟು, ಎಸೆಯತಕ್ಕ ತುಪ್ಪಟವನ್ನು ತೆಗೆಸುವವನು ಕುರಿಗಾಗಿಯೇ ತೆಗೆಸುತ್ತಾನೆ. ಲಾಭವು ಹೋದ ಮೇಲೂ ನಿಲ್ಲುವ ಪಾಲನೆಯೇ ನಿಜವಾದ ಪಾಲನೆ.

ಮಿಕ್ಕ ಕೆಲಸಗಳನ್ನೂ ಇದೇ ಅಳತೆಯಿಂದ ಅಳೆಯಬಹುದು. ಮಳೆಗಾಲದಲ್ಲಿ ಸಣ್ಣ ನೊಣಗಳಿಂದ ಹರಡುವ ನೀಲಿನಾಲಗೆ ರೋಗಕ್ಕೂ, ಹೊಸ ಹುಲ್ಲು ಚಿಗುರಿದಾಗ ಬರುವ ಕರುಳುಬೇನೆಗೂ ಮುಂಚಿತವಾಗಿ ಲಸಿಕೆ ಹಾಕಿಸಬೇಕು. ರೊಪ್ಪದ ನೆಲವು ಒಣಗಿರಬೇಕು. ಕೆಸರಿನಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಐದು ತಿಂಗಳು ಗರ್ಭವನ್ನು ಹೊರುವ ಕುರಿಯನ್ನು ಕಡೇ ದಿನಗಳಲ್ಲಿ ದೂರ ನಡಿಸಬಾರದು. ಬಲವಾದ ಕುರಿಗೆ ಇದನ್ನೆಲ್ಲ ಮಾಡುವದರಿಂದ ಲಾಭವೂ ಉಂಟು. ಕುಂಟುವ ಮರಿಗೂ ಹಲ್ಲು ಸವೆದ ಮುದಿಕುರಿಗೂ ಮಾಡುವದರಿಂದ ಬರುವದು ಏನೂ ಇಲ್ಲ. ಆದರೂ ಏಳೆಂಟು ಮರಿಗಳನ್ನು ಹಾಕಿ ಮನೆಯ ಸಾಲವನ್ನು ತೀರಿಸಿದ ಮುದಿಕುರಿಗೆ ಅದರ ಕಡೇ ಬೇಸಿಗೆಯಲ್ಲಿ ನೆರಳನ್ನೂ ನೀರನ್ನೂ ಕೊಡುವದು ದಾನವಲ್ಲ. ಅದು ನಾವು ತೀರಿಸತಕ್ಕ ಸಾಲ.

ಈ ಸಾಲವನ್ನು ಕುರಿಗಾರನೊಬ್ಬನ ಹೆಗಲಿಗೆ ಹೊರಿಸುವದಾದರೋ ಅನ್ಯಾಯವು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲೂ ಸುಮಾರು 13,000 ಎಕರೆ ಭೂಮಿಯಲ್ಲಿ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ದೊಡ್ಡ ಸೌರಸ್ಥಾವರವು 2018ರಲ್ಲಿ ಆರಂಭವಾಯಿತು. ಅದರ ಸಾಮರ್ಥ್ಯವು 2,050 ಮೆಗಾವಾಟ್. ಭೂಮಿಯುಳ್ಳವರಿಗೆ ಎಕರೆಗೆ ವರುಷಕ್ಕೆ 21,000 ರೂಪಾಯಿಯಂತೆ ಮೊದಲು ಗುತ್ತಿಗೆ ಗೊತ್ತಾಯಿತು. ಅದೇ ಬೀಳುಹೊಲಗಳಲ್ಲಿ ಕುರಿ ಮೇಯಿಸಿ ಬದುಕುತ್ತಿದ್ದ, ಭೂಮಿಯಿಲ್ಲದ ಜನರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಮೇವಿನ ನೆಲ ಹೋದುದರಿಂದ ಕೆಲವರು ತಮ್ಮ ಹಿಂಡನ್ನು ಮಾರಿಬಿಟ್ಟರು. ದೀಪವು ಬೇಕಾದದ್ದೇ, ಅದರ ಬೆಳಕು ನಮಗೂ ಸಲ್ಲುತ್ತದೆ. ಬೆಳಕಿನಲ್ಲಿ ಪಾಲುಳ್ಳವರಿಗೆ ಋಣದಲ್ಲಿಯೂ ಪಾಲುಂಟಲ್ಲವೇ? ಊರಿನ ಗೋಮಾಳವು ಒತ್ತುವರಿಯಾಗದಂತೆ ಕಾಯುವದು, ಹಾದುಹೋಗುವ ಹಿಂಡಿಗಾಗಿ ತೊಟ್ಟಿಯಲ್ಲಿ ನೀರು ತುಂಬಿಸುವದು, ಮನೆಗೆ ಹೊದಿಕೆ ಬೇಕಾದಾಗ ಮಗ್ಗದ ಕಂಬಳಿಯೊಂದನ್ನು ಕೊಳ್ಳುವದು, ಇವು ಕುರಿಯಿಲ್ಲದವರೂ ಮಾಡಬಹುದಾದ ಕೆಲಸಗಳು. ಕಂಬಳಿಯನ್ನು ಕೊಳ್ಳುವವನು ಕುರಿಯ ಬದುಕಿಗೆ ಪುನಃ ಸ್ವಲ್ಪ ಬೆಲೆ ಕಟ್ಟುತ್ತಾನೆ.

ನೂರು ಕುರಿಗಳಲ್ಲಿ ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮ್ಯವನ್ನು ನಾವು ಎಷ್ಟೋ ಸಾರಿ ಕೇಳಿ ಮೆಚ್ಚಿದ್ದೇವೆ. ಸಂತೆಯ ಲೆಕ್ಕದಿಂದ ನೋಡಿದರೆ ನೂರರಲ್ಲಿ ಒಂದು ಹೋದದ್ದು ದೊಡ್ಡ ನಷ್ಟವಲ್ಲ. ಆದರೂ ಅವನು ಹೋದನು. ಪ್ರಿಯರೇ, ಈ ಸಾಯಂಕಾಲ ಹಿಂಡು ಧೂಳೆಬ್ಬಿಸುತ್ತಾ ರೊಪ್ಪಕ್ಕೆ ಬರುವಾಗ ಎಲ್ಲಕ್ಕಿಂತ ಹಿಂದೆ ಬರುವ ಕುರಿಯನ್ನು ನೋಡಿರಿ. ಅದು ಯಾಕೆ ಹಿಂದುಳಿಯಿತೆಂದು ಅದರ ಕಾಲನ್ನೆತ್ತಿ ಪರೀಕ್ಷಿಸಿರಿ. ನಾವು ಎಂಥ ಯಜಮಾನರೆಂಬದು ಅಲ್ಲಿ ನಮಗೆ ತಿಳಿದುಬರುವದು.