ಕಾವಲಿನ ಕೂಲಿ, ಕಂದಾಯದ ಲೆಕ್ಕ

ಗಡಿ ಕಾಯುವವನು ತಾನು ಕಾಯುವ ನಾಡಿಗೆ ಕಂದಾಯವನ್ನೂ ಕೊಡಬೇಕೆ? ಕಾಸರಗೋಡಿನ ಕರಾವಳಿಯ ಚಂದ್ರಗಿರಿ, ಬೇಕಲ, ಹೊಸದುರ್ಗದ ಕೋಟೆಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ. 17ನೇ ಶತಮಾನದಲ್ಲಿ ಕೆಳದಿಯ ಅರಸರು ತೆಂಕಣಕ್ಕೆ ಕೈಚಾಚಿದಾಗ ಕೋಲತ್ತಿರಿ ನಾಡಿನ ಅಂಚು ಅವರ ಗಡಿಯಾಯಿತು. ಬರೀ ಗೋಡೆ ಎಬ್ಬಿಸಿದರೆ ಗಡಿ ನಿಲ್ಲದು, ಕಾಯುವ ಜನ ಬೇಕು. ಹಾಗೆ ಬಂದು ನೆಲೆಯೂರಿದ ಕನ್ನಡ ಮಾತಿನ ಕೋಟೆಗಾರರ, ಅಂದರೆ ರಾಮಕ್ಷತ್ರಿಯರ, ಮನೆತನಗಳು ಇಂದಿಗೂ ಈ ಊರುಗಳಲ್ಲಿವೆ.

ಯುದ್ಧ ಎಂದೋ ಒಮ್ಮೆ, ಹಸಿವು ದಿನವೂ. ದೂರದ ಗಡಿಯ ದಂಡಿಗೆಲ್ಲ ಬೊಕ್ಕಸದಿಂದ ಸಂಬಳ ಎಣಿಸುವುದು ಹಳೆಯ ರಾಜ್ಯಗಳಿಗೆ ಎಟುಕದ ಮಾತು. ಆದ್ದರಿಂದ ಅನೇಕ ಕಡೆ ಭೂಮಿಯೇ ಸಂಬಳವಾಯಿತು. ಸೇವೆಯಲ್ಲಿದ್ದವನಿಗೆ ಉಂಬಳಿ, ಕಾದಿ ಮಡಿದವನ ಮನೆಗೆ ನೆತ್ತರುಗೊಡಗೆ ಸಿಕ್ಕಿದ್ದನ್ನು ನಮ್ಮ ಶಾಸನಗಳು ಹೇಳುತ್ತವೆ. ನೆರೆಯ ಕೊಡಗಿನಲ್ಲಿ ಸೇವೆಗೆಂದು ಬಿಟ್ಟ ಜಮ್ಮಾ ಗದ್ದೆಗೆ ಸಾಮಾನ್ಯ ಸಾಗು ಗದ್ದೆಯ ಅರ್ಧದಷ್ಟೇ ಕಂದಾಯವಿತ್ತು. ಒಟ್ಟೋಮನ್ ಗಡಿಯಲ್ಲಿ ಹ್ಯಾಬ್ಸ್‌ಬರ್ಗ್ ಅರಸರು ರೈತರಿಗೆ ಭೂಮಿ ಕೊಟ್ಟು ಕೋವಿ ಹಿಡಿಸಿದ್ದೂ ಇದೇ ಬಗೆಯ ಕರಾರು. 1881ರಲ್ಲಿ ಅದು ಕೊನೆಗೊಂಡಿತು. ಇಲ್ಲೆಲ್ಲ ಬಿಟ್ಟುಕೊಟ್ಟ ಕಂದಾಯ ಅರಸನ ದಾನವಾಗಿರಲಿಲ್ಲ. ಅದು ಕರೆ ಬಂದಾಗ ನೇಗಿಲು ಬಿಟ್ಟು ಹೊರಡುವವನ ಕೂಲಿ.

ಕೂಲಿಯನ್ನು ದಾನವೆಂದು ಓದಿದಲ್ಲಿ ಅನ್ಯಾಯ ಹುಟ್ಟುತ್ತದೆ. ಕೆಳದಿಯ ಅರಸ ಶಿವಪ್ಪ ನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿ ಬಿತ್ತನೆ, ಖರ್ಚು, ಇಳುವರಿಗಳನ್ನು ವರ್ಷಗಟ್ಟಲೆ ಅಳೆದು ಅರಸನಿಗೆ ಮೂರರಲ್ಲೊಂದು ಪಾಲು ಗೊತ್ತುಮಾಡಿತೆಂದು ಪ್ರಸಿದ್ಧಿ. ಅದು ದೊಡ್ಡ ವಿವೇಕ. ಆದರೆ ಗದ್ದೆಯ ಅಳತೆಗೆ ಕಾವಲುಗಾರನ ನಿದ್ದೆಗೆಟ್ಟ ರಾತ್ರಿ ಸಿಗದು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಮೈಸೂರಿನ ಹೈದರಾಲಿಯ ವಶವಾಯಿತು. ಮುಂದೆ ಕರಾವಳಿಯ ಹಳೆಯ ‘ರೇಖೆ’, ಅಂದರೆ ಮೂಲ ಕಂದಾಯದ ಮೇಲೆ ‘ಶಾಮಿಲು’ ಎಂಬ ಹೆಚ್ಚುವರಿ ತೆರಿಗೆ ಏರಿತು. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂತು, ಥಾಮಸ್ ಮನ್ರೋ ಈ ಕರಾವಳಿ ಸೇರಿದ ಕೆನರಾದ ಕಲೆಕ್ಟರನಾದ. ಹೊಸ ದೊರೆತನಕ್ಕೆ ಹಳೆಯ ಕೋಟೆಯ ಕಾವಲು ಬೇಡ, ಭೂಮಿಯ ಆದಾಯ ಬೇಕು. ಸೇವೆ ಮರೆತುಹೋದ ಮೇಲೆ ವಿನಾಯಿತಿ ಬರೀ ನಷ್ಟವಾಗಿ ಕಾಣುತ್ತದೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಸೈನಿಕ ಕೋಟೆಯಲ್ಲಿದ್ದಾಗ ಗದ್ದೆಯಲ್ಲಿ ನೇಜಿ ನೆಟ್ಟವರು ಯಾರು? ಮನೆಯ ಹೆಂಗಸರು, ಒಕ್ಕಲುಗಳು, ಕೂಲಿಯ ಆಳುಗಳು. ಒಬ್ಬನಿಗೆ ಬಿಟ್ಟ ಕಂದಾಯ ಇನ್ನೊಬ್ಬನ ಹೆಗಲಿಗೂ ಬೀಳುತ್ತದೆ. ಉಳುವವನ ಹಕ್ಕನ್ನು, ಕಾಸರಗೋಡು ಈಗ ಸೇರಿರುವ ಕೇರಳದ ಕಾನೂನು ಗಟ್ಟಿಯಾಗಿ ಮನ್ನಿಸಿದ್ದು 1970ರ ಜನವರಿ 1ರಿಂದ. ಅಲ್ಲಿಯವರೆಗೆ ಕೋಟೆಯನ್ನು ಸಾಕಿದ ಬೆವರಿಗೆ ಯಾವ ಉಂಬಳಿ ಸಿಕ್ಕಿತು? ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಸೈನಿಕನ ಹಕ್ಕನ್ನು ಅಳಿಸುವುದಿಲ್ಲ; ಅದೇ ನ್ಯಾಯವನ್ನು ಆಳಿನವರೆಗೂ ಒಯ್ಯಬೇಕೆನ್ನುತ್ತದೆ.

ಪ್ರಜೆ ಹಣದಲ್ಲಷ್ಟೇ ತೆರಿಗೆ ಕೊಡುವುದಿಲ್ಲ. ದುಡಿಮೆಯಲ್ಲಿ, ಕಾಲದಲ್ಲಿ, ಪ್ರಾಣದಲ್ಲಿ ಕೊಡುತ್ತಾನೆ. ಆದ್ದರಿಂದ ಯಾವ ಸರ್ಕಾರವಾದರೂ ಒಂದು ವಿನಾಯಿತಿಯನ್ನು ಕಿತ್ತುಕೊಳ್ಳುವ ಮೊದಲು ಅದು ಯಾವ ಸೇವೆಯ ಕೂಲಿಯಾಗಿತ್ತೆಂದು ಹೇಳಬೇಕು. ಉಳಿಸಿಕೊಳ್ಳುವುದಾದರೆ ಅದರ ಭಾರ ಯಾರ ಮೇಲಿದೆಯೆಂದೂ ಹೇಳಬೇಕು. ಈ ಎರಡಕ್ಕೂ ಉತ್ತರ ಕೊಡಲಾರದ ಕಂದಾಯ ಎಷ್ಟೇ ಹಗುರವಾಗಿದ್ದರೂ ನ್ಯಾಯವಾದ ಕಂದಾಯವಲ್ಲ.