ಕಾರಣಿಕ: ಫಲವೋ, ಕಾರಣವೋ?

ಭಾರತ ಹುಣ್ಣಿಮೆಯ ತರುವಾಯ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಜನಸಾಗರವೆಲ್ಲ ನಿಶ್ಶಬ್ದವಾಗುವುದನ್ನು ಭಕ್ತರಲ್ಲಿ ಅನೇಕರು ಕಂಡಿರಬಹುದು. ಅನಂತರ ಹೊರಡುವುದು ಒಂದೇ ನುಡಿ. ಅದೇ ಕಾರಣಿಕ, ಆಡುಮಾತಿನಲ್ಲಿ ಕಾರ್ಣಿಕ. ಆ ನುಡಿಯಲ್ಲಿ ರೈತನು ಮಳೆಬೆಳೆಯನ್ನೂ, ವ್ಯಾಪಾರಿಯು ಧಾರಣೆಯನ್ನೂ, ರಾಜಕಾರಣಿಯು ಪದವಿಯನ್ನೂ ಹುಡುಕುತ್ತಾನೆ.

ಈ ಪದವನ್ನು ನಾವಿಂದು ಭವಿಷ್ಯವಾಣಿ ಎಂಬರ್ಥದಲ್ಲಿ ಬಳಸುತ್ತೇವೆ. ಆದರೆ ಪದದ ಒಡಲಲ್ಲಿರುವುದು ಫಲವಲ್ಲ, ಕಾರಣ. ಸಂಸ್ಕೃತದಲ್ಲಿ ಕಾರಣಿಕನೆಂದರೆ ಕಾರಣವನ್ನು ಪರೀಕ್ಷಿಸಿ ನಿರ್ಣಯಿಸುವವನು, ನ್ಯಾಯಾಧಿಕಾರಿ. ಕನ್ನಡದಲ್ಲಿ, ಒಂದು ಕಾರಣಕ್ಕಾಗಿ ಜನಿಸಿದ ಮಹಾತ್ಮನು ಕಾರಣಿಕ ಪುರುಷ. ತುಳುನಾಡಿನಲ್ಲಿ ದೈವದ ಮಹಿಮೆಯೇ ಕಾರ್ಣಿಕ. ಈ ಮೂರರಲ್ಲಿಯೂ ‘ಮುಂದೆ ಆಗುವುದು’ ಎಂಬ ಅರ್ಥವಿಲ್ಲ.

ಕೆಲವು ವರ್ಷಗಳ ಹಿಂದೆ ವೃದ್ಧ ಭಕ್ತರೊಬ್ಬರು ಮಠಕ್ಕೆ ಬಂದು, “ಅಜ್ಜಾರ, ಈ ಸಲ ಕಾರ್ಣಿಕ ಚಲೋ ಆಗೇತಿ. ಸಾಲ ಮಾಡಿ ಬೋರು ಹಾಕಸ್ಲೇನ್ರಿ?” ಎಂದು ಕೇಳಿದರು. ನಾವು ವಿಭೂತಿಯನ್ನಿತ್ತು “ಒಳ್ಳೆಯದಾಗಲಿ” ಎಂದೆವು. ನಮಗದು ಹರಕೆ, ಅವರಿಗದು ಎರಡನೆಯ ಕಾರಣಿಕವಾಯಿತು. ನೀರು ಬೀಳಲಿಲ್ಲ. ಮರುವರ್ಷ ಬಂದಾಗ ಅವರು ನಮ್ಮನ್ನು ದೂರಲಿಲ್ಲ. “ನನ್ನ ದೈವ, ಬಿಡ್ರಿ” ಎಂದರು. ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಸಾಲವೆಷ್ಟು, ನೆರೆಹೊಲದ ಕೊಳವೆಬಾವಿಗಳಲ್ಲಿ ನೀರಿದೆಯೆ, ತೀರಿಸುವ ದಾರಿಯೇನು ಎಂದು ನಾವು ವಿಚಾರಿಸಬೇಕಿತ್ತು. ಹರಸುವುದು ಸುಲಭವಾಗಿತ್ತು, ವಿಚಾರಿಸುವುದಕ್ಕೆ ನಾವು ವೇಳೆ ಕೊಡಲಿಲ್ಲ.

ಹಾಗಾದರೆ ಮುಂದಿನದನ್ನು ನುಡಿಯುವುದೇ ತಪ್ಪೆ? ಅಲ್ಲ. ಹವಾಮಾನ ಇಲಾಖೆಯೂ ಮುನ್ಸೂಚನೆ ನೀಡುತ್ತದೆ. ವೈದ್ಯರೂ ರೋಗದ ಗತಿಯನ್ನು ಹೇಳುತ್ತಾರೆ. ಅವರು ಕಾರಣಗಳನ್ನು ಅಳೆದು ಹೇಳುತ್ತಾರೆ. ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕಬಹುದು. ಎಲ್ಲ ಅರ್ಥಕ್ಕೂ ಒಗ್ಗುವ ನುಡಿಯು ತಪ್ಪುವುದೇ ಇಲ್ಲ. ಆದ್ದರಿಂದಲೇ ಅದರ ಮೇಲೆ ಸಾಲ ತೆಗೆಯಲಾಗದು.

ಭಕ್ತ ಬಾಂಧವರೇ, ಜಾತ್ರೆಯ ನುಡಿಯನ್ನು ಶ್ರದ್ಧೆಯಿಂದ ಕೇಳಿರಿ. ಅಷ್ಟು ಜನ ಒಮ್ಮೆಲೇ ಮೌನದಿಂದ ನಿಲ್ಲುವುದು ಸಣ್ಣ ಸಂಗತಿಯಲ್ಲ. ಆದರೆ ತಿಥಿ ವಾರಗಳ ಶುಭಾಶುಭವನ್ನು ನಿರಾಕರಿಸಿ ಕಾಯಕವನ್ನು ಹಿಡಿದ ಶರಣರ ಮಕ್ಕಳು ನಾವು ಎಂಬುದನ್ನು ಮರೆಯದಿರಿ. ಮಠಕ್ಕೆ ಬಂದು “ಏನಾಗುವುದು?” ಎಂದು ಕೇಳಿದರೆ, ಇನ್ನು ಮುಂದೆ ನಾವು ಮೊದಲು “ಏಕೆ? ಹೇಗೆ?” ಎಂದು ಕೇಳುವೆವು. ಹರಕೆ ಆಮೇಲೆ ಇದ್ದೇ ಇದೆ.