ಸಿಗಲಿಲ್ಲ ಎಂದರೆ ಇರಲಿಲ್ಲವೇ?

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ‘ಕೊಳ್ಳೇಗಾಲ, ಶಿಕ್ಷಣ’ ಎಂದು ಹುಡುಕಿ, ಹೆಚ್ಚೇನೂ ಸಿಗದಿದ್ದಾಗ ‘ಈ ಭಾಗದ ಹಳೆಯ ದಾಖಲೆಗಳಿಲ್ಲ’ ಎಂದು ಸಂಶೋಧನಾ ವಿದ್ಯಾರ್ಥಿಗಳು ಬರೆದುಬಿಡುವುದುಂಟು. ಕಾಣದಿರುವುದರಿಂದ ಇಲ್ಲವೆಂದು ತಿಳಿಯಬಹುದೇ? ಕುಮಾರಿಲ ಭಟ್ಟರ ಮೀಮಾಂಸೆ ತಿಳಿಯಬಹುದು ಎನ್ನುತ್ತದೆ. ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಪ್ರತ್ಯೇಕ ಪ್ರಮಾಣವೆಂದೇ ಎಣಿಸುತ್ತದೆ. ಆದರೆ ಷರತ್ತೊಂದಿದೆ: ವಸ್ತು ಇದ್ದಿದ್ದರೆ ಕಂಡೇ ತೀರುತ್ತಿತ್ತು ಎಂಬಂಥ ಸನ್ನಿವೇಶವಿರಬೇಕು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಹೇಳಲು ಬಾರದು.

ಹಾಗಾದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಗ್ರಂಥಾಲಯ ಈ ಸೀಮೆಯ ಮಟ್ಟಿಗೆ ಎಷ್ಟು ಬೆಳಕಿನ ಕೋಣೆ? ಟಿಪ್ಪು ಮಡಿದ 1799ರ ನಂತರ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ನಾಡಶಾಲೆಗಳ ಲೆಕ್ಕ ಕೇಳಿದಾಗ ಉತ್ತರ ಕೊಟ್ಟವರಲ್ಲಿ ಕೊಯಮತ್ತೂರಿನ ಕಲೆಕ್ಟರರೂ ಒಬ್ಬರು. ಹಾಗಾಗಿ ಆ ಕಾಲದ ಕಾಗದಗಳನ್ನು ಹುಡುಕಬೇಕಾದದ್ದು ಚೆನ್ನೈನ ಪತ್ರಾಗಾರದಲ್ಲಿ, ಅದೂ ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ‘ಸಿ’ ಅಕ್ಷರದಿಂದ ಬರೆಯುತ್ತಿದ್ದ ಕಾಲದ ಕಡತಗಳಲ್ಲಿ. ಹನೂರು ಬೇರೆ ತಾಲ್ಲೂಕಾದದ್ದು ತೀರಾ ಈಚೆಗೆ. ಅದರ ಹಿಂದಿನ ಕಥೆಯೆಲ್ಲ ಕೊಳ್ಳೇಗಾಲದ ಹೆಸರಿನಡಿ ಅಡಗಿದೆ. ಪಕ್ಕದ ಯಳಂದೂರಾದರೋ ಮೈಸೂರಿನದೇ; 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟದ್ದು. ಒಂದೇ ಬಸ್ಸಿನ ದಾರಿಯ ಊರುಗಳ ಕಾಗದಪತ್ರ ಬೇರೆ ಬೇರೆ ರಾಜ್ಯಗಳ ಪಾಲಾಗಿದೆ.

ಕತ್ತಲೆ ಕಪಾಟಿನೊಳಗೂ ಇದೆ. ಡ್ಯೂಯಿ ವರ್ಗೀಕರಣದಲ್ಲಿ ಶಿಕ್ಷಣಕ್ಕೆ 370, ಜಾನಪದಕ್ಕೆ 398. ಈ ಸೀಮೆಯಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದಪ್ಪನ ಕಾವ್ಯ, ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿಯ ಕಥೆ ಎರಡನೆಯ ಕಪಾಟಿನವು. ಅಷ್ಟು ದೊಡ್ಡ ಕಾವ್ಯವನ್ನು ಬಾಯಿಂದ ಬಾಯಿಗೆ ದಾಟಿಸಿದ್ದು ಬೋಧನೆಯಲ್ಲದೆ ಮತ್ತೇನು? ಸಾಕ್ಷರತೆಯ ಅಧ್ಯಯನ ಇದನ್ನು ಬಿಡಬಹುದು. ಕಲಿಕೆಯ ಅಧ್ಯಯನ ಬಿಡುವಂತಿಲ್ಲ. ಯಳಂದೂರಿನ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ ಸಹ ಕಾವ್ಯದ ಸಾಲಿನಲ್ಲಿದೆ, ಹೆಣ್ಣುಮಕ್ಕಳ ಶಿಕ್ಷಣದ ಸಾಲಿನಲ್ಲಲ್ಲ. (ಆಕೆ ಚಿಕ್ಕದೇವರಾಜರ ಅರಮನೆಯ ಆಶ್ರಯದಲ್ಲಿದ್ದವಳು. ಅವಳೊಬ್ಬಳಿಂದ ಊರಿನ ಹುಡುಗಿಯರೆಲ್ಲ ಓದುತ್ತಿದ್ದರು ಎಂದರೆ ಅದೂ ಅತಿಯೇ.)

ಈಗ ಶೋಧಗಂಗಾ ಜಾಲತಾಣದಲ್ಲಿ ಸಂಶೋಧನಾ ಪ್ರಬಂಧಗಳು ಮನೆಯಲ್ಲೇ ಸಿಗುತ್ತವಲ್ಲ ಎನ್ನಬಹುದು. ಸಿಗುತ್ತವೆ, ನಿಜ. ಆದರೆ ಅಲ್ಲಿರುವುದು ವಿಶ್ವವಿದ್ಯಾಲಯಗಳು ಸೇರಿಸಿದ್ದಷ್ಟೇ. ಇನ್ನೊಂದು ಆಕ್ಷೇಪ ಗಟ್ಟಿಯದು: ‘ಇಲ್ಲ’ ಎನ್ನಲು ಬಿಡದಿದ್ದರೆ ಯಾರು ಏನು ಬೇಕಾದರೂ ಇತ್ತು ಎನ್ನಬಹುದಲ್ಲವೇ? ಮೀಮಾಂಸಕರ ಷರತ್ತು ‘ಇಲ್ಲ’ ಎನ್ನುವುದನ್ನು ತಡೆಯುವುದಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಹೆಸರಿನಲ್ಲಿ ಹುಡುಕಿಯೂ ಸಿಗದಿದ್ದರೆ ಆ ಅಭಾವವೇ ಪುರಾವೆಯಾಗುತ್ತದೆ. ಇತ್ತು ಎನ್ನುವವರು ಎಂದಿನಂತೆ ಆಧಾರ ತೋರಿಸಲೇಬೇಕು. ಆದ್ದರಿಂದ ಪ್ರಬಂಧ ಬರೆಯುವವರಲ್ಲಿ ಒಂದು ಕೋರಿಕೆ: ‘ದಾಖಲೆಗಳಿಲ್ಲ’ ಎಂದು ಬರೆಯುವ ಮುನ್ನ ಎಲ್ಲಿ, ಯಾವ ಹೆಸರಿನಲ್ಲಿ, ಯಾವ ಕಪಾಟಿನಲ್ಲಿ ಹುಡುಕಿದಿರಿ ಎಂಬುದನ್ನು ಅದೇ ಪುಟದಲ್ಲಿ ನಮೂದಿಸಿ.